ಹದಿನೈದು ನಿಮಿಷದ ನೀರು

"ಕೆಂಪ ಮುಚ್ಚಳ ಯಾವುದು, ನೀಲಿ ಮುಚ್ಚಳ ಯಾವುದು, ಅಷ್ಟೂ ತಿಳಿಯಂಗಿಲ್ಲೇನ ನಿಮಗ? ಕಣ್ಣು ಮುಖದಾಗ ಅದಾವೋ ಕುಂಡ್ಯಾಗ ಅದಾವೋ, ರಂಡೇರ?"

ಮೌನಪ್ಪ ಒದ್ದ ರಭಸಕ್ಕೆ ಕ್ರೇಟಿನೊಳಗಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಣಕಣ ಅಂದವು. ಶಂಕ್ರಮ್ಮ ಬಿಸಿನೀರಿನ ತೊಟ್ಟಿಯಿಂದ ಕೈ ತೆಗೆಯಲಿಲ್ಲ. ಬೈಗುಳಕ್ಕೆ ಕೈ ನಿಲ್ಲಿಸಿದರೆ ನಿಲ್ಲಿಸಿದ್ದಕ್ಕೆ ಇನ್ನೊಂದು ಬೈಗುಳ ಬರುತ್ತದೆ ಎಂಬುದು ಎರಡು ವರ್ಷದಲ್ಲಿ ಅವಳಿಗೆ ಗೊತ್ತಾಗಿತ್ತು. ಬ್ರಷ್ಷನ್ನು ಬಾಟಲಿಯ ಕೊರಳಿಗೆ ತೂರಿಸಿ ತಿರುವುತ್ತಲೇ ಕೇಳಿದಳು.

"ಏನಾತು ಹೇಳ್ರಿ ಮೇಸ್ತ್ರಿ. ಬೈಯೂದು ಆಮ್ಯಾಲ ಬೈಯುವಂತ್ರಿ."

"ಏನಾತು? ಕೆಂಪು ನೀಲಿ ಎರಡೂ ಒಂದ ಕ್ರೇಟಿಗೆ ಹಾಕೀರಿ. ಒಳಗ ಸಾಹೇಬ ನನ್ನ ಮಾರಿಮ್ಯಾಲ ಉಗುಳ್ಯಾನ. ನಿಮ್ಮವ್ವನ, ಊರಾಗ ಸಗಣಿ ಬಾಚಾಕಷ್ಟ ಲಾಯಕ್ಕು ನೀವು."

ತೆಲುಗು ನಾಡಿನ ಮಹಾನಗರದ ಅಂಚಿಗೆ, ಉಪ್ಪಲ್ ಆಚೆಯ ಕೈಗಾರಿಕಾ ವಸಾಹತಿನ ಹಿಂದಿನ ಸಾಲಿನಲ್ಲಿತ್ತು ಆ ಕಂಪನಿ. ಔಷಧಿ ಕಂಡುಹಿಡಿಯುವ ಪ್ರಯೋಗಾಲಯಗಳಿಗೆ ಬೇಕಾದ ದುಬಾರಿ ರಾಸಾಯನಿಕಗಳನ್ನು ಡ್ರಮ್ಮಿನಿಂದ ಸಣ್ಣ ಬಾಟಲಿಗಳಿಗೆ ತುಂಬಿ ಮಾರುವುದು ಅದರ ವ್ಯಾಪಾರ. ತುಂಬುವ ಕೆಲಸ ಗಾಜಿನ ಬಾಗಿಲ ಒಳಗೆ, ಎ.ಸಿ.ಯ ತಂಪಿನಲ್ಲಿ. ಗಿರಾಕಿಗಳಿಂದ ವಾಪಸು ಬಂದ ಬಾಟಲಿಗಳ ಲೇಬಲ್ ಕೆರೆದು ತೊಳೆದು ಒಣಗಿಸುವ ಕೆಲಸ ಹಿತ್ತಲ ತಗಡಿನ ಶೆಡ್ಡಿನಲ್ಲಿ. ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು. ಎಲ್ಲರೂ ಯಾದಗಿರಿ ಕಡೆಯವರು, ಬೋಡುಪ್ಪಲ್‌ನ ಒಂದೇ ಸಾಲು ಗುಡಿಸಲುಗಳಲ್ಲಿ ಇರುವವರು. ಕರೆತಂದವನು ಮೇಸ್ತ್ರಿ ಮೌನಪ್ಪ. ಅವನೂ ಅದೇ ಕಡೆಯವನು. ಶಾಲೆಯ ಮೆಟ್ಟಿಲು ಹತ್ತದವನು, ಆದರೆ ಬಾಯಿ ಮಾತ್ರ ಹೆಸರಿಗೆ ತಕ್ಕಂತೆ ಒಂದು ದಿನವೂ ಇದ್ದದ್ದಿಲ್ಲ.

ಗಾಜಿನ ಬಾಗಿಲು ತೆರೆದು ವಿಜಯಕುಮಾರ ಬಂದ. ಬೀದರಿನವನು, ಎಂ.ಎಸ್ಸಿ. ಓದಿದವನು, ಒಳಗೆ ತುಂಬುವ ಕೆಲಸವೆಲ್ಲ ಅವನ ಉಸ್ತುವಾರಿ. ಎರಡು ವರ್ಷದ ಹಿಂದೆ ಶಂಕ್ರಮ್ಮನ ಬಾಯಲ್ಲಿ ಕನ್ನಡ ಕೇಳಿ, "ಅರೇ, ನಮ್ಮವರೇ!" ಎಂದು ಹಿಗ್ಗಿದ್ದ. ಯಾವ ಊರು ಎಂದು ಕೇಳಿದ್ದ. ಆಮೇಲೆ ಯಾವ ಓಣಿ ಎಂದು ಕೇಳಿದ್ದ. ಕೆರೆ ದಾಟಿದ ಮೇಲಿನ ಓಣಿ ಎಂದಿದ್ದಳು. ಅಲ್ಲಿಂದೀಚೆಗೆ ನಮ್ಮವರು ಎಂಬ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದು ಕೈಯಲ್ಲಿ ಎರಡು ಬಾಟಲಿ ಎತ್ತಿ ತೋರಿಸಿದ.

"ನೋಡ್ರಿ ಇಲ್ಲಿ. ಇವೆರಡೂ ಒಂದೇ ಮಾಲು. ವಾಸನಿ ಒಂದೇ, ತೂಕ ಒಂದೇ, ನೋಡ್ಲಿಕ್ಕೂ ಒಂದೇ, ನೀರಿನಂಗ. ಆದ್ರ ಒಂದು ಬಲಗೈ, ಒಂದು ಎಡಗೈ. ನಿಮ್ಮ ಎರಡೂ ಕೈ ಒಂದರ ಮ್ಯಾಲ ಒಂದು ಇಡ್ರಿ, ಬೆರಳಿಗಿ ಬೆರಳು ಕೂಡ್ತದೇನು? ಕೂಡಲ್ಲ. ಹಂಗೇ ಇವು. ಕೆಂಪು ಮುಚ್ಚಳದ್ದು ಬಲಗೈ. ಔಷಧಕ್ಕ ಅದೇ ಬೇಕು. ಅದರಾಗ ಎಡಗೈದು ಒಂದು ಹನಿ ಉಳದ್ರೂ ಸಾಕು, ಪೂರಾ ಮಾಲು ಮೈಲಿಗಿ ಆದಂಗ."

ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಪಕ್ಕದವಳ ಭುಜ ಕುಲುಕಿತು.

"ಯಾಕ ನಗ್ಲತ್ತೀರಿ?"

"ಏನಿಲ್ರಿ ಸಾಹೇಬ್ರ," ಎಂದಳು ಶಂಕ್ರಮ್ಮ, ತೊಟ್ಟಿಯಿಂದ ಕಣ್ಣೆತ್ತದೆ. "ನಾವು ಹನ್ನೊಂದೂ ಮಂದಿ ಎಡಗೈಯವರ ಅದೀವಿ. ನಮ್ಮ ಕೈಲೆ ತೊಳಿಸಿದ್ರ ಆಗಂಗಿಲ್ಲೇನ್ರಿ ಮೈಲಿಗಿ?"

ವಿಜಯಕುಮಾರನ ಕಿವಿ ಕೆಂಪಾಯಿತು. "ನಾ ಹೇಳ್ಲತ್ತಿದ್ದು ವಿಜ್ಞಾನ. ನೀವು ಜಾತಿ ತರಬ್ಯಾಡ್ರಿ ನಡುವ." ಮತ್ತೆ ಗಂಟಲು ಸರಿಪಡಿಸಿಕೊಂಡು ಹೇಳಿದ: ಮುಚ್ಚಳ ತೆಗೆದಿಟ್ಟರೆ ಅದು ಗಾಳಿಯನ್ನು ಕುಡಿದು ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಮಾಲು ಹಾಳಾಗುತ್ತದೆ. ಹುಳಿಯ ಹತ್ತಿರ ಇಡಬಾರದು. ಬಿಸಿಲಿಗೆ ಇಡಬಾರದು. ಅದಕ್ಕೆ ಏನೇನು ಆಗಬಾರದು ಎಂಬುದನ್ನೆಲ್ಲ ಹೇಳಿದ.

ಕೊನೆಯಲ್ಲಿ ನಿಂತಿದ್ದ ಶಿವದೇವಿ ಕೈ ಎತ್ತಿದಳು, ಶಾಲೆಯ ಹುಡುಗಿಯ ಹಾಗೆ. "ಸಾಹೇಬ್ರ, ಮೈಮ್ಯಾಲ ಬಿದ್ರ ಏನಾಕ್ಕೈತ್ರಿ?"

ವಿಜಯಕುಮಾರ ಗಡಿಯಾರ ನೋಡಿಕೊಂಡ. "ಬೀಳಿಸ್ಕೋಬ್ಯಾಡ್ರಿ," ಎಂದು ಒಳಗೆ ಹೋದ.

ಶಿವದೇವಿ ಬಂದು ಮೂರು ವಾರವಾಗಿತ್ತಷ್ಟೆ. ಅದಕ್ಕೂ ಮುಂಚೆ ದಿನವೂ ಲಾರಿ ಹತ್ತಿ ನಗರದ ಇನ್ನೊಂದು ತುದಿಯ ಮಣಿಕೊಂಡಕ್ಕೆ ಹೋಗಿ, ಅಲ್ಲಿ ಎದ್ದು ನಿಲ್ಲುತ್ತಿದ್ದ ಅಪಾರ್ಟ್‌ಮೆಂಟಿನ ಹದಿನೇಳನೇ ಮಹಡಿಗೆ ಇಟ್ಟಿಗೆ ಹೊರುತ್ತಿದ್ದಳು. ಬೇಸಗೆಯಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. ಗುಡಿಸಲಿನ ಗೋಡೆಗೆ ಗೋಡೆ ಹೊಂದಿದ ನೆರೆಯವಳು ಶಂಕ್ರಮ್ಮ, ಒಂದು ಸಂಜೆ ಅವಳ ಅಂಗಾಲಿನ ಬೊಬ್ಬೆಗೆ ಎಣ್ಣೆ ಹಚ್ಚುತ್ತ ಹೇಳಿದ್ದಳು: "ನಮ್ಮ ಕಡಿ ಬಾ. ಕುಂತು ಮಾಡೂ ಕೆಲಸ. ನೆರಳಿನ್ಯಾಗಿನ ಕೆಲಸ." ಮೌನಪ್ಪನ ಮುಂದೆ ಅವಳ ಪರವಾಗಿ ಮಾತಾಡಿದವಳೂ ಶಂಕ್ರಮ್ಮನೇ.

ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಅದು ನಡೆಯಿತು.

ಅಂದು ವಾಪಸು ಬಂದ ರಾಶಿಯಲ್ಲಿ ಒಂದು ಕಂದು ಬಣ್ಣದ ಅರ್ಧ ಲೀಟರಿನ ಬಾಟಲಿ ಇತ್ತು. ಕೆಂಪು ಮುಚ್ಚಳ. ತಳದಲ್ಲಿ ಎರಡು ಬೆರಳಷ್ಟು ಮಾಲು ಇನ್ನೂ ಉಳಿದಿತ್ತು. ಬಾಯಿಯ ಸುತ್ತ ಬಿಳಿಯ ಉಪ್ಪಿನಂಥದ್ದು ಬೆಳೆದು ಮುಚ್ಚಳ ಕಚ್ಚಿಕೊಂಡಿತ್ತು. ಶಿವದೇವಿ ತಿರುವಿದಳು, ಸೆರಗು ಸುತ್ತಿ ತಿರುವಿದಳು, ಬರಲಿಲ್ಲ.

"ಮೇಸ್ತ್ರಿ, ಇದು ಬರವಲ್ದು. ಒಳಗಿನ್ನೂ ಮಾಲು ಐತಿ ನೋಡ್ರಿ. ಒಳಗಿನವ್ರಿಗೆ ಕೊಟ್ಟುಬಿಡ್ಲೇನ್ರಿ?"

"ಒಳಗಿನವ್ರು ನಿಮ್ಮಪ್ಪನ ಆಳೇನ?" ಮೌನಪ್ಪ ಫೋನಿನಿಂದ ತಲೆ ಎತ್ತಲಿಲ್ಲ. "ಬಿಸಿನೀರಾಗ ಕೆಡವು. ತಾನ ಬಿಡತೈತಿ."

ಹಾಗೇ ಮಾಡಿದಳು. ತೊಟ್ಟಿಯ ನೀರಿನಿಂದ ಹಬೆ ಏಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಬಾಟಲಿಯನ್ನು ಎತ್ತಿ ಎದೆಗೆ ಆನಿಸಿಕೊಂಡು, ಬಿಳಿ ಉಪ್ಪು ಕರಗಿದೆಯೇ ಎಂದು ಬಗ್ಗಿ ನೋಡುತ್ತ ಮುಚ್ಚಳ ಹಿಡಿದು ತಿರುವಿದಳು. ಸೋಡಾ ಬಾಟಲಿಯ ಗೋಲಿ ಒತ್ತಿದಂತೆ ಒಂದು ಸದ್ದು. ಅಷ್ಟೇ. ಶಂಕ್ರಮ್ಮ ತಿರುಗುವಷ್ಟರಲ್ಲಿ ಶೆಡ್ಡಿನ ತುಂಬ ಕೊಳೆತ ಮೀನಿನ ವಾಸನೆ. ಶಿವದೇವಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಉರುಳುತ್ತಿದ್ದಳು. ಮೊದಲು ದನಿಯೇ ಇರಲಿಲ್ಲ. ಆಮೇಲೆ ಬಂತು.

"ಉರೀತೈತಿ ಅಕ್ಕಾ! ಕಣ್ಣು, ಕಣ್ಣು, ಯವ್ವಾ..."

ಶಂಕ್ರಮ್ಮ ನಲ್ಲಿಗೆ ಓಡಿದಳು. ನಲ್ಲಿ ಒಣಗಿತ್ತು. ಟ್ಯಾಂಕರು ಬರುವುದು ಮಧ್ಯಾಹ್ನ. ತೊಟ್ಟಿಯಲ್ಲಿದ್ದದ್ದು ಬೆಳಗಿನಿಂದ ನೂರು ಬಾಟಲಿ ಅದ್ದಿದ ಬಿಸಿನೀರು. ಅದನ್ನು ಕಣ್ಣಿಗೆ ಹಾಕಲು ಧೈರ್ಯ ಬರಲಿಲ್ಲ. ಅವಳಿಗೆ ನೆನಪಾದದ್ದು ಗಾಜಿನ ಬಾಗಿಲ ಆಚೆ, ಹಸಿರು ಬೋರ್ಡಿನ ಕೆಳಗಿದ್ದ ಹಳದಿ ಬೋಗುಣಿ. ಒಮ್ಮೆ ಯಾರೋ ದೊಡ್ಡವರು ಬಂದಾಗ ಒಳಗಿನ ಹುಡುಗಿಯೊಬ್ಬಳು ಕಾಲಿನಿಂದ ಅದುಮಿ ತೋರಿಸಿದ್ದಳು, ಎರಡು ಚಿಲುಮೆ ಮೇಲಕ್ಕೆ ಚಿಮ್ಮಿದ್ದವು. ಕಣ್ಣು ತೊಳೆಯಲಿಕ್ಕೆಂದೇ ಇಟ್ಟದ್ದು.

ಶಿವದೇವಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಾಗಿಲಿಗೆ ಬಂದಳು. ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲು. ಶೆಡ್ಡಿನವರಿಗೆ ಕಾರ್ಡು ಇಲ್ಲ. ಅಂಗೈಯಿಂದ ಬಡಿದಳು. ಆಮೇಲೆ ಕಾಲಿನ ಚಪ್ಪಲಿ ಕಿತ್ತು ಬಡಿದಳು.

"ಏ ಹುಚ್ಚ ರಂಡೆ!" ಮೌನಪ್ಪ ಓಡಿಬಂದು ಅವಳ ಕೈ ಹಿಡಿದ. "ಒಳಗ ಗಿರಾಕಿ ಬಂದಾರ. ಮುಂಬೈಯಿಂದ. ಇದನ್ನ ತೋರಿಸ್ತೀಯೇನ ಅವರಿಗೆ?"

"ನೀರು ಬೇಕ್ರಿ! ಅಲ್ಲೈತಿ ನೋಡ್ರಿ ನೀರು!"

ಗಾಜಿನ ಆಚೆ ಮೂವರು ಬಿಳಿ ಕೋಟಿನವರ ನಡುವೆ ವಿಜಯಕುಮಾರ ನಿಂತಿದ್ದ. ಸದ್ದಿಗೆ ತಿರುಗಿದ. ಶಂಕ್ರಮ್ಮನನ್ನು ನೋಡಿದ, ಅವಳ ತೋಳಿನಲ್ಲಿ ಬಾಗಿ ಒದ್ದಾಡುತ್ತಿದ್ದವಳನ್ನೂ ನೋಡಿದ. ಅಂಗೈ ಎತ್ತಿ ತೋರಿಸಿದ: ತಡೆಯಿರಿ. ಮತ್ತೆ ಬಂದವರ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು, ನಗುತ್ತ ಏನೋ ಹೇಳುತ್ತ, ಅವರನ್ನು ಇನ್ನೊಂದು ಕೋಣೆಯ ಕಡೆಗೆ ನಡೆಸಿಕೊಂಡು ಹೋದ.

ಅವಳ ಬಳಿ ಗಡಿಯಾರ ಇರಲಿಲ್ಲ. ಕಾಂಪೌಂಡಿನಾಚೆ ಎತ್ತರದ ಕಂಬಗಳ ಮೇಲೆ ಮೆಟ್ರೋ ಒಂದು ಹೋಯಿತು. ಮೌನಪ್ಪ ತನ್ನ ಹೆಗಲ ಟವೆಲ್ಲಿನಿಂದ ಶಿವದೇವಿಯ ಕಣ್ಣನ್ನು ಗಸಗಸ ಉಜ್ಜಿದ. ಅವಳು ಕರುವಿನಂತೆ ಅರಚಿದಳು. ಇನ್ನೊಂದು ಮೆಟ್ರೋ ಹೋಯಿತು. ಹಳದಿ ಬೋಗುಣಿ ಗಾಜಿನಾಚೆ, ಅವಳ ಮೊಳಕೈಯಿಂದ ನಾಲ್ಕು ಮಾರು ದೂರದಲ್ಲಿ, ಒಣಗಿ ಹೊಳೆಯುತ್ತಿತ್ತು. ಮೂರನೆಯ ಮೆಟ್ರೋ ಹೋದ ಮೇಲೆ ಬಾಗಿಲು ಕಿರ್ರೆಂದಿತು.

"ಚಪ್ಪಲಿ ಹೊರಗ ಬಿಟ್ಟು ಬರ್ರಿ," ಎಂದ ವಿಜಯಕುಮಾರ.

ಶಿವದೇವಿಯ ಕಾಲಿನಿಂದ ಚಪ್ಪಲಿ ಕಿತ್ತು ಎಸೆದು ಶಂಕ್ರಮ್ಮ ಒಳಗೆ ಎಳೆದೊಯ್ದಳು. ನೀರು ಚಿಮ್ಮಿತು. ಅವಳ ತಲೆಯನ್ನು ಅದರ ಮೇಲೆ ಒತ್ತಿ ಹಿಡಿದಳು. ನೆಲವೆಲ್ಲ ಒದ್ದೆಯಾಯಿತು. ಒಂದೆರಡು ನಿಮಿಷವಾಗಿರಬೇಕು, ಮೌನಪ್ಪ ಬಾಗಿಲಿನಿಂದಲೇ, "ಸಾಕು ಸಾಕು, ಆಟೋ ಬಂತು. ಇಲ್ಲೇ ಜಳಕ ಮಾಡಿಸ್ತೀಯೇನ ಅಕಿಗೆ?" ಎಂದು ಕೂಗಿದ.

ಆಟೋದಲ್ಲಿ ಅವನು ಹೇಳಿಕೊಟ್ಟ: "ಸಾಬೂನಿನ ನೀರು ಬಿತ್ತು ಅನ್ರಿ. ಬ್ಯಾರೆ ಏನೂ ಬಾಯಿ ಬಿಡಬ್ಯಾಡ್ರಿ. ಪೊಲೀಸ್ ಗಿಲೀಸ್ ಅಂತ ಆದ್ರ ಶೆಡ್ ಮುಚ್ಚತಾರ. ಹನ್ನೊಂದು ಮಂದಿ ಹೊಟ್ಟಿ ಮ್ಯಾಲ ಬರತೈತಿ."

ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ. ಶಿವದೇವಿಯ ರೆಪ್ಪೆ ಬಿಡಿಸಿ ನೋಡಿದವಳೇ ನರ್ಸಿಗೆ ಕೂಗಿ ಬಾಟಲಿಗಟ್ಟಲೆ ಸಲೈನು ಸುರಿಸತೊಡಗಿದಳು. "ಕ್ಯಾ ಗಿರಾ ಆಂಖ್ ಮೇ?"

"ಸಾಬೂನ್ ಕಾ ಪಾನಿ ಮೇಡಂ," ಎಂದ ಮೌನಪ್ಪ.

"ಸಾಬೂನ್ ನಹೀ," ಎಂದಳು ಶಂಕ್ರಮ್ಮ.

ಮೌನಪ್ಪ ಅವಳ ಕಾಲು ತುಳಿದ. ಅವಳು ಕಾಲು ಎಳೆದುಕೊಂಡಳು. ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮೀನಿನ ವಾಸನೆಯದು, ಗಾಳಿ ತಾಗಿದರೆ ಬೆಳ್ಳಗಾಗುವುದು, ಕೆಂಪು ಮುಚ್ಚಳದ್ದು ಎಂದು ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದಳು. ಡಾಕ್ಟರಮ್ಮನ ಕಣ್ಣು ಅವಳ ಸೀರೆಯ ನೆರಿಗೆಯ ಮೇಲೆ ನಿಂತಿತು. ಕೆರೆದ ಲೇಬಲ್ಲುಗಳು ದಿನವೂ ಅವರ ಮೈಗೆ ಅಂಟಿಕೊಂಡೇ ಇರುತ್ತಿದ್ದವು. ಬಗ್ಗಿ ಒಂದನ್ನು ಬಿಡಿಸಿ ಓದಿದಳು. "ಆರ್... ಫಿನೈಲ್ ಈಥೈಲ್ ಅಮೀನ್. ಯಹೀ ಥಾ ಕ್ಯಾ?"

"ಯಹೀ ಮೇಡಂ. ಲಾಲ್ ಮುಚ್ಚಳದ್ದು."

ಡಾಕ್ಟರಮ್ಮ ಆ ಹೆಸರನ್ನು ಕೇಸಿನ ಹಾಳೆಯಲ್ಲಿ ಬರೆದುಕೊಂಡಳು. ಆಮೇಲೆ ಹಿಂದಿಯಲ್ಲಿ ನಿಧಾನಕ್ಕೆ ತಿಳಿಸಿ ಹೇಳಿದಳು. ಇದು ಸುಣ್ಣದ ಜಾತಿಯದು, ಸುಟ್ಟು ನಿಲ್ಲುವುದಿಲ್ಲ, ಒಳಕ್ಕೆ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಎಡಗಣ್ಣು ಬೆಳ್ಳಗಾಗಿಬಿಟ್ಟಿದೆ. ಬಲಗಣ್ಣಿನ ಮಾತು ಪಟ್ಟಿ ಬಿಚ್ಚುವ ತನಕ ಹೇಳಲಾಗದು.

ಮರುದಿನ ಶಂಕ್ರಮ್ಮ ಗಂಜಿ ಕಾಯಿಸಿಕೊಂಡು ಹೋದಳು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಶಿವದೇವಿ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆಯ ಚರ್ಮ ಕಂದಿ ಸುಲಿದಿತ್ತು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದಳು.

"ಅಕ್ಕಾ?"

"ಹೂಂ. ನಾನ."

"ನೆರಳಿನ್ಯಾಗಿನ ಕೆಲಸ ಅಂದಿದ್ದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಹೇಳಿದಂತಿತ್ತು. "ಭಾಳ ನೆರಳಾತು ಅಕ್ಕಾ."

ಶಂಕ್ರಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಚಮಚವನ್ನು ಕೆಳಗಿಟ್ಟು, ಬೆರಳಿನಿಂದಲೇ ಗಂಜಿ ತೆಗೆದು ಬಾಯಿಗಿಟ್ಟಳು.

ಶುಕ್ರವಾರ ಹತ್ತು ಹೆಂಗಸರನ್ನೂ ಮೇಲಿನ ಆಫೀಸಿಗೆ ಕರೆದರು. ಮೇಲಿನ ಮಹಡಿಯನ್ನು ಅವರು ನೋಡಿದ್ದು ಅಂದೇ. ಉದ್ದನೆಯ ಮೇಜು, ಸುತ್ತ ಹನ್ನೆರಡು ಕುರ್ಚಿ. ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಮೇಜಿನ ಹಿಂದೆ ಆಫೀಸಿನ ಮೇಡಂ ಶ್ರೀಲಕ್ಷ್ಮಿ. ತೆಲುಗಿನವಳು, ಸಿಬ್ಬಂದಿಯ ಕಾಗದಪತ್ರವೆಲ್ಲ ಅವಳ ಕೈಯಲ್ಲಿ. ಪಕ್ಕದಲ್ಲಿ ವಿಜಯಕುಮಾರ. ಬಾಗಿಲಲ್ಲಿ ಮೌನಪ್ಪ.

"ಸೋಮವಾರಂ ಇನ್‌ಸ್ಪೆಕ್ಟರ್ ವಸ್ತಾಡು. ಅಂದರೂ ಇಕ್ಕಡ ಸೈನ್ ಚೇಯಂಡಿ," ಎಂದು ಶ್ರೀಲಕ್ಷ್ಮಿ ಮೂರು ಹಾಳೆ ಮುಂದೆ ತಳ್ಳಿದಳು. ಆಸ್ಪತ್ರೆಯ ವರದಿ ನೋಡಿ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರು ಸೋಮವಾರ ಬರುತ್ತಾನಂತೆ, ಅದಕ್ಕೆ ಎಲ್ಲರ ಸಹಿ ಬೇಕಂತೆ.

ಶಂಕ್ರಮ್ಮ ಹಾಳೆಯನ್ನು ಮುಟ್ಟಲಿಲ್ಲ. ಇಂಗ್ಲಿಷು. ವಿಜಯಕುಮಾರನ ಕಡೆ ತಿರುಗಿದಳು. "ಇದರಾಗ ಏನ ಬರದೈತಿ ಓದಿ ಹೇಳ್ರಿ. ಆಮ್ಯಾಲ ನೋಡೂಣು."

"ಅದೇನಿಲ್ಲ. ಮಾಮೂಲಿ."

"ಮಾಮೂಲಿನ ಓದ್ರಿ."

"ಏ, ಹೇಳಿದಷ್ಟು ಮಾಡ!" ಎಂದ ಮೌನಪ್ಪ. ಶ್ರೀಲಕ್ಷ್ಮಿ ಬೇಸರದಿಂದ ಕೈ ಬೀಸಿದಳು. ಎರಡು ನಿಮಿಷದಲ್ಲಿ ಹೇಳಿ ಮುಗಿಸಿ ಎಂದಳು. ಕೆಳಗೆ ಲಾರಿ ಹಾರ್ನು ಹೊಡೆಯಿತು. ಮೌನಪ್ಪನನ್ನು ಮಾಲು ಇಳಿಸಲು ಕಳಿಸಿದಳು.

ವಿಜಯಕುಮಾರ ಹಾಳೆ ಎತ್ತಿಕೊಂಡ. ಮೊದಲು ಗಡಿಬಿಡಿಯಿಂದ ಓದಿದ. ಬಣ್ಣವಿಲ್ಲದ ದ್ರವ. ಮೀನಿನಂಥ ವಾಸನೆ. ಗಾಳಿಯಲ್ಲಿನ ಇಂಗಾಲಾಮ್ಲ ಹೀರಿ ಬಿಳಿ ಗಟ್ಟಿ ಆಗುತ್ತದೆ, ಆದ್ದರಿಂದ ಗಾಳಿಯಾಡದಂತೆ ಮುಚ್ಚಿಡಬೇಕು. ಬಿಸಿ ತಾಗಿಸಬಾರದು.

"ಬಿಸಿ ತಾಗಿಸಬಾರದು," ಎಂದು ರೇಣುಕಾ ಮೆಲ್ಲಗೆ ಮರುನುಡಿದಳು.

"ಚರ್ಮಕ್ಕ ಬಿದ್ರ ಸುಡ್ತದ. ಚರ್ಮದಾಗಿಂದ ಒಳಗ ಹೋಗ್ತದ. ಹಬಿ ಕುಡೀಬಾರದು. ಕೈಗವಸು, ಕಣ್ಣಿಗಿ ಪೂರಾ ಮುಚ್ಚೂ ಕನ್ನಡಕ, ಮುಖಕ್ಕ ಪರದೆ..." ಅವನ ದನಿ ಇಳಿಯುತ್ತ ಬಂತು. ಗೋಡೆಗೆ ನಿಂತವರ ಇಪ್ಪತ್ತು ಬರಿಗೈಗಳು ಹೊಟ್ಟೆಯ ಮೇಲೆ ಕಟ್ಟಿಕೊಂಡಿದ್ದವು, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟು, ಉಗುರು ಹಳದಿಯಾಗಿ. "ಕಣ್ಣಿಗಿ ಬಿದ್ರ..."

ನಿಲ್ಲಿಸಿದ.

"ಓದ್ರಿ," ಎಂದಳು ಶಂಕ್ರಮ್ಮ.

"ಕಣ್ಣಿಗಿ ಬಿದ್ರ, ಕೂಡ್ಲೇ, ಒಂದು ಕ್ಷಣನೂ ತಡ ಮಾಡದಂಗ, ಕಮ್ಮಿ ಅಂದ್ರ ಹದಿನೈದು ನಿಮಿಷ ಹರಿಯೂ ನೀರಾಗ ತೊಳೀಬೇಕು."

ಶಂಕ್ರಮ್ಮನಿಗೆ ಗಾಜಿನ ಮೇಲೆ ಬಡಿದ ತನ್ನ ಅಂಗೈ ಮತ್ತೆ ಉರಿದಂತಾಯಿತು. ಕೂಡಲೇ. ಹದಿನೈದು ನಿಮಿಷ. ಮೂರು ಮೆಟ್ರೋ ಹೋಗುವಷ್ಟು ಹೊತ್ತು ನೀರಿಗೆ ಕಾದದ್ದು, ಎರಡು ನಿಮಿಷ ತೊಳೆದದ್ದು. ಈ ಮಾತು ಈ ಕಾಗದದಲ್ಲಿ ಎಷ್ಟು ದಿನದಿಂದ ಹೀಗೇ ಬಿದ್ದಿತ್ತು?

"ಇದು ಯಾವಾಗಿನ ಕಾಗದ ರೀ?"

"ಕಂಪನಿ ಸುರು ಆದಾಗಿಂದ ಅದ."

"ಕೆಳಗಿಂದು ಏನು? ಹೆಸರು ಬರದೈತಲ್ಲ?"

ವಿಜಯಕುಮಾರ ಕೊನೆಯ ಹಾಳೆ ತಿರುವಿದ. ಹೋದ ತಿಂಗಳು ನಾಲ್ಕನೇ ತಾರೀಖಿಗೆ ಈ ಕೆಳಗಿನ ಹನ್ನೊಂದು ಕಾರ್ಮಿಕರಿಗೆ ಈ ಎಲ್ಲ ವಿಷಯವನ್ನು ಅವರದೇ ಭಾಷೆಯಲ್ಲಿ ವಿವರಿಸಿ ತರಬೇತಿ ಕೊಡಲಾಗಿದೆ. ತರಬೇತಿ ಕೊಟ್ಟವರು ವಿಜಯಕುಮಾರ. ಕಾರ್ಮಿಕರು ಓದಿ ತಿಳಿದುಕೊಂಡಿದ್ದಾರೆ. ಹನ್ನೊಂದನೇ ಹೆಸರನ್ನು ಅವನು ನುಂಗಿ ಓದಿದ.

"ಶಿವದೇವಿ?" ಶಂಕ್ರಮ್ಮನ ದನಿ ಎತ್ತರವಾಗಲಿಲ್ಲ. "ನಾಲ್ಕನೇ ತಾರೀಖಿಗೆ ಅಕಿ ಮಣಿಕೊಂಡದಾಗ ಇಟ್ಟಂಗಿ ಹೊರಾಕತ್ತಿದ್ಲು. ನಿಮ್ಮ ಮಾರಿನೂ ನೋಡಿರಲಿಲ್ಲ."

ಅವನು ಕಿಟಕಿಯ ಕಡೆ ನೋಡಿದ. ತೆಲುಗಿನ ಮೇಡಮ್ಮಿಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. ಸೈನ್ ಮಾಡದವರು ನಾಳೆಯಿಂದ ಬರಬೇಕಾಗಿಲ್ಲ ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು. ಮತ್ತೆ, ತರಬೇತಿ ಆಗಿತ್ತು ಎಂದರೆ ತಪ್ಪು ಶಿವದೇವಿಯದು, ಆಗಿರಲಿಲ್ಲ ಎಂದರೆ ಎಲ್ಲರದೂ ತಲೆನೋವು ಎಂದು, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು.

"ಹಾಕಿ ಹೋಗೂಣು ಅಕ್ಕಾ," ರೇಣುಕಾ ಪಿಸುಗುಟ್ಟಿದಳು. "ಮನ್ಯಾಗ ಮೂರು ಮಕ್ಕಳದಾವ."

ಸಾಲಿನ ಮೊದಲಿಗೆ ನಿಂತಿದ್ದ ಮುದುಕಿ ಹೆಬ್ಬೆರಳನ್ನು ಮುಂದೆ ಚಾಚಿದಳು. ಶ್ರೀಲಕ್ಷ್ಮಿ ತಲೆ ಅಲ್ಲಾಡಿಸಿದಳು. ಹೆಬ್ಬೆಟ್ಟು ಬೇಡ. ಓದಿ ತಿಳಿದಿದ್ದಾರೆ ಎಂದು ಬರೆದಿದೆ. ಹೆಬ್ಬೆಟ್ಟು ಒತ್ತಿದರೆ ಓದಿದ್ದು ಹೇಗೆ ಎಂದು ಇನ್‌ಸ್ಪೆಕ್ಟರ್ ಕೇಳುತ್ತಾನೆ. ಯಾವ ಭಾಷೆಯಾದರೂ ಸರಿ, ಅಕ್ಷರವೇ ಬೇಕು.

ವಿಜಯಕುಮಾರನ ಫೋನು ಬಡಿದುಕೊಂಡಿತು. ಬದುಕಿಕೊಂಡವನಂತೆ ಅವನು ಹೊರಗೆ ಹೋದ.

ಶಂಕ್ರಮ್ಮ ಮೇಜಿನ ಹತ್ತಿರ ಬಂದಳು. ಊರಲ್ಲಿ ನಾಲ್ಕನೇ ಇಯತ್ತೆ ಮುಗಿಸಿದ್ದಳು. ಅಷ್ಟು ಅಕ್ಷರ ಅವಳ ಹತ್ತಿರ ಇದ್ದವು. ಪೆನ್ನು ತೆಗೆದುಕೊಂಡು, ತನ್ನ ಹೆಸರಿನ ಎದುರಿನ ಖಾಲಿ ಮನೆಯಲ್ಲಿ ಮೂರಕ್ಷರ ಬರೆದಳು. ದುಂಡಗೆ, ಬಿಡಿಬಿಡಿಯಾಗಿ, ಶಾಲೆಯ ಪಾಟಿಯ ಮೇಲೆ ಬರೆದಂತೆ.

ಹೇಳಿಲ್ಲ.

ಪೆನ್ನನ್ನು ರೇಣುಕಾಳಿಗೆ ಕೊಟ್ಟಳು. "ನಾ ಬರದಂಗ ಬರಿ. ಎಲ್ಲಾರೂ ಹಂಗ ಬರೀರಿ. ಮೂರ ಅಕ್ಷರ."

ರೇಣುಕಾಳಿಗೆ ಅಕ್ಷರ ಕೂಡಿಸಿ ಓದಲು ಅಷ್ಟಿಷ್ಟು ಬರುತ್ತಿತ್ತು. ತುಟಿ ಅಲುಗಿತು. ತಲೆ ಎತ್ತಿ ಶಂಕ್ರಮ್ಮನನ್ನು ನೋಡಿದಳು. ಮೂರು ಮಕ್ಕಳ ಲೆಕ್ಕವೋ, ಹಳದಿ ಬೋಗುಣಿಯೋ, ಏನು ಕಣ್ಣ ಮುಂದೆ ಬಂತೋ, ಬಗ್ಗಿ ಬರೆದಳು. ಪಕ್ಕದವಳ ಮುಂಗೈ ಚಿವುಟಿ ಪೆನ್ನು ಕೊಟ್ಟಳು. ಒಬ್ಬೊಬ್ಬರಾಗಿ ಬಂದರು. ಬಾರದವರು ಮೇಲಿನ ಸಾಲು ನೋಡಿ ನೋಡಿ, ಹಚ್ಚೆಯ ಗೆರೆ ತಿದ್ದುವವರಂತೆ ಉಸಿರು ಹಿಡಿದು ಬರೆದರು. ಮುದುಕಿಯ ಳಿ ಮಗುಚಿ ಬಿದ್ದಿತ್ತು. ಆದರೂ ಅದು ಳಿಯೇ.

ಶ್ರೀಲಕ್ಷ್ಮಿ ಹಾಳೆ ತಿರುಗಿಸಿಕೊಂಡಳು. ಕನ್ನಡ, ತೆಲುಗು ಎರಡು ಲಿಪಿಗಳೂ ಅಕ್ಕತಂಗಿಯರಂತೆ. ಬೆರಳಿಟ್ಟು ಕೂಡಿಸಿ ಓದಿದಳು. "ಹೇ... ಳಿ... ಲ್ಲ. ಇದೇಂ ಪೇರು?"

ರೇಣುಕಾ ಹಿಂದಿನಿಂದ ಶಂಕ್ರಮ್ಮನ ಸೆರಗು ಹಿಡಿದಳು.

"ಮನೆತನದ ಹೆಸರು ಮೇಡಂ," ಎಂದಳು ಶಂಕ್ರಮ್ಮ.

"ಇಂಟಿ ಪೇರಾ?"

"ಅವುನು ಮೇಡಂ."

"ಅಂದರಿದೀ ಒಕಟೇನಾ?"

"ಎಲ್ಲಾರದೂ ಒಂದ ಮನೆತನ."

ಶ್ರೀಲಕ್ಷ್ಮಿ ನಕ್ಕಳು. ಒಬ್ಬರ ಬಾಲ ಹಿಡಿದು ಒಬ್ಬರು ಬರುತ್ತೀರಿ ನೀವು ಎಂದಳು. ಕಂಪ್ಯೂಟರಿನ ಪಟ್ಟಿಯಲ್ಲಿ ಹತ್ತು ಹೆಸರುಗಳ ಮುಂದೆ ಹತ್ತು ಸಲ 'ಹೇಳಿಲ್ಲ' ಎಂದು ಬಡಿದು, ಫೋನು ಮುಗಿಸಿ ಒಳಬಂದ ವಿಜಯಕುಮಾರನತ್ತ ಹಾಳೆ ತಳ್ಳಿದಳು. ಹೆಸರೆಲ್ಲ ಸರಿ ಇವೆಯೇ ನೋಡಿ, ನೀವೂ ಸೈನ್ ಮಾಡಿಬಿಡಿ ಎಂದಳು.

ಅವನು ನೋಡಿದ.

ಶಂಕ್ರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಮೊದಲ ಸಾಲಿನಲ್ಲಿ ನಿಂತಿತು. ಎರಡನೆಯದಕ್ಕೆ ಇಳಿಯಿತು. ಮೂರನೆಯದಕ್ಕೆ. ಹಾಳೆಯ ತಲೆಯಲ್ಲಿ ಅವನ ಹೆಸರು, ಅದರ ಕೆಳಗೆ ಹತ್ತು ಸಲ ಅದೊಂದೇ ಮಾತು. ಬಾಯಿ ತೆರೆದರೆ ಹತ್ತು ಮಂದಿ ಇವತ್ತೇ ಬೀದಿಗೆ. ತೆರೆಯದಿದ್ದರೆ ಸೋಮವಾರ, ಯಾರಾದರೂ ಕನ್ನಡ ಬಲ್ಲವರ ಕೈಗೆ ಆ ಹಾಳೆ ಸಿಕ್ಕಿತೆಂದರೆ...

"ವಿಜಯ್ ಗಾರೂ? ಪೇರ್ಲು ಕರೆಕ್ಟೇನಾ?"

"ಕರೆಕ್ಟೇ," ಎಂದ ವಿಜಯಕುಮಾರ. ಪೆನ್ನು ತೆಗೆದು, ಹಾಳೆಯ ಬಲಗಡೆ, ತರಬೇತಿ ಕೊಟ್ಟವರು ಎಂಬಲ್ಲಿ ತನ್ನ ಸಹಿ ಹಾಕಿದ. ಹೆದರಿ ಹಾಕಿದನೋ ನಾಚಿ ಹಾಕಿದನೋ ಶಂಕ್ರಮ್ಮನಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅನ್ನಿಸಲೂ ಇಲ್ಲ. ಅವನು ಮೇಲೆ ನೋಡಲಿಲ್ಲ.

ಹನ್ನೊಂದನೆಯ ಮನೆ ಇನ್ನೂ ಖಾಲಿ ಇತ್ತು. ಅಂದೇ ಮಧ್ಯಾಹ್ನ ಫೈಲು ಹಿಡಿದು ಮೌನಪ್ಪ ಆಸ್ಪತ್ರೆಗೆ ಹೊರಟ. "ಅಕಿಗೂ ಹೆಬ್ಬೆಟ್ಟು ಆಗಂಗಿಲ್ಲ ಅಂದಾರ ಮೇಡಂ," ಎಂದು ಶಂಕ್ರಮ್ಮ ಆಟೋ ಹತ್ತಿದಳು. "ಕೈ ಹಿಡಿದು ಬರಸಾಕ ಒಬ್ರು ಬೇಕಲ್ಲ?"

ವಾರ್ಡಿನಲ್ಲಿ ಊಟದ ಗಾಡಿ ಬಂದು ಹೋಗಿತ್ತು. ಶಿವದೇವಿಯ ಮೊಣಕಾಲ ಮೇಲೆ ಫೈಲು ಇಟ್ಟು, ಮೌನಪ್ಪ ಹಾಳೆ ಬಿಡಿಸಿದ. "ಲಗೂನ ಮುಗಸ್ರಿ. ಲಾರಿ ನಿಂತೈತಿ."

"ಏನು ಅಕ್ಕಾ ಇದು?"

"ಸಹಿ ಹಾಕಬೇಕಂತ. ತರಬೇತಿ ಕೊಟ್ಟೀವಿ, ಎಲ್ಲಾ ಹೇಳೀವಿ ಅಂತ ಬರಕೊಂಡಾರ."

ಶಿವದೇವಿ ಪಟ್ಟಿ ಕಟ್ಟಿದ ಮುಖವನ್ನು ದನಿಯ ಕಡೆ ತಿರುಗಿಸಿದಳು. "ನನಗ ಸಹಿ ಬರಂಗಿಲ್ಲಲ್ಲ."

"ನಾ ಕಲಸ್ತೀನಿ." ಶಂಕ್ರಮ್ಮ ಅವಳ ಅಂಗೈ ಬಿಡಿಸಿ, ಅದರ ಮೇಲೆ ತೋರುಬೆರಳಿನಿಂದ ಮೂರು ಅಕ್ಷರ ಬರೆದಳು. ಮತ್ತೊಮ್ಮೆ ಬರೆದಳು. ಮೂರನೆಯ ಸಲ ಬರೆಯುವಾಗ ಬಗ್ಗಿ ಕಿವಿಯಲ್ಲಿ ಒಂದು ಮಾತು ಹೇಳಿದಳು.

"ಏನ ಗುಸುಗುಸು?" ಎಂದ ಮೌನಪ್ಪ.

"ಅಕಿ ಹೆಸರು ಹ್ಯಾಂಗ ಬರಿಯೂದು ಅಂತ ಹೇಳಾಕತ್ತೀನ್ರಿ."

ಶಿವದೇವಿ ಪೆನ್ನಿಗೆ ಕೈ ಚಾಚಿದಳು. ಶಂಕ್ರಮ್ಮ ಅವಳ ಮುಷ್ಟಿಯನ್ನು ಹಿಡಿದು ಹಾಳೆಯ ಮೇಲೆ ಊರಿದಳು.

"ಕೈ ಬಿಡು ಅಕ್ಕಾ," ಎಂದಳು ಶಿವದೇವಿ. "ನಾನ ಬರೀತೀನಿ."

ಬಿಟ್ಟಳು. ಅಕ್ಷರ ತನಗಾಗಿ ಬಿಟ್ಟಿದ್ದ ಮನೆಯೊಳಗೆ ನಿಲ್ಲಲಿಲ್ಲ. ಹೇ ದೊಡ್ಡದಾಗಿ, ಸೊಟ್ಟಗೆ ಎದ್ದು ತಾರೀಖಿನ ಮೇಲೆ ಹಾದುಹೋಯಿತು. ಳಿ ವಿಜಯಕುಮಾರನ ಸಹಿಯ ಮೇಲೆ ಕೂತಿತು. ಲ ಹಾಳೆಯ ಅಂಚಿಗೆ ಬಂತು.

"ಏ ಸಾಕು, ಸಾಕು! ಹಾಳಿ ಎಲ್ಲಾ ಹೊಲಸ ಮಾಡಿದ್ಲು!" ಮೌನಪ್ಪ ಫೈಲಿಗೆ ಕೈ ಹಾಕಿದ. ಶಂಕ್ರಮ್ಮ ಆ ಕೈಯನ್ನು ಹಿಡಿದಳು. ಹಿಡಿದೇ ಇದ್ದಳು.

"ಮುಗೀತೇನ ಅಕ್ಕಾ?"

"ಇಲ್ಲ. ಕೆಳಗ ಒಂದು ಒತ್ತು ಉಳದೈತಿ."

ಶಿವದೇವಿ ಎಡಗೈಯಿಂದ ಹಾಳೆಯ ಅಂಚನ್ನು ತಡವಿ ಹುಡುಕಿದಳು. ಪೆನ್ನಿನ ಮೊನೆಯನ್ನು ಕೆಳಗಿಳಿಸಿದಳು. ಮತ್ತೆ, ಹದಿನೇಳು ಮಹಡಿ ಇಟ್ಟಿಗೆ ಹೊತ್ತ ತೋಳಿನ ಬಲವನ್ನೆಲ್ಲ ಬೆರಳಿಗೆ ತಂದು ಒತ್ತಿದಳು. ಹಾಳೆ ಹರಿದು, ಮೊನೆ ಫೈಲಿನ ರಟ್ಟಿನೊಳಕ್ಕೆ ಇಳಿಯಿತು.